ಮಂಗಳೂರಿನ ಬೊಮ್ಮನ ಸುದ್ದಿ ಕಾಪಿಟ್ಟ ಕೈರೋದ ಸಿನಗಾಗ್

ಕಲಬುರಗಿ ಸೀಮೆಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಗ್ರಂಥಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರೇ ಇದ್ದರೆಂದು ಅದು ಹೇಳುತ್ತದೆ. ಅವರು ಕಾಯ್ದ ಓಲೆಗರಿಗಳು ಉಳಿಯಲಿಲ್ಲ, ಕಲ್ಲು ಉಳಿಯಿತು. ಅದೇ ಶತಮಾನದಲ್ಲಿ ಹಳೆಯ ಕೈರೋದ ಫುಸ್ತಾತಿನಲ್ಲಿ ಮರಳಿ ಎದ್ದ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರವು ಕಾಗದಗಳನ್ನೇ ಉಳಿಸಿಕೊಟ್ಟಿತು. ಅವುಗಳಲ್ಲಿ ನಮ್ಮ ಮಂಗಳೂರಿನ ಬದುಕೂ ಇದೆ.

ಫಾತಿಮಿ ಖಲೀಫ ಅಲ್‌-ಹಾಕಿಮನ ಕಾಲದಲ್ಲಿ ಕೆಡವಿಸಿದ ಈ ಮಂದಿರವನ್ನು 1025ರಿಂದ 1040ರ ನಡುವೆ ಮತ್ತೆ ಕಟ್ಟಿದರು. ಈಗ ಕಾಣುವ ಗೋಡೆಗಳು 1890ರ ದಶಕದವು. ವಿನ್ಯಾಸ ಮಾತ್ರ ಹಳೆಯದನ್ನೇ ಅನುಸರಿಸಿದೆ. ಹೊರಗಿನಿಂದ ಯಾವ ಆಡಂಬರವೂ ಇಲ್ಲ. ಒಳಗೆ ಎರಡು ಸಾಲು ಕಂಬಗಳು, ನಡುವೆ ಅಗಲವಾದ ಅಂಕಣ, ಧರ್ಮಗ್ರಂಥ ಓದಲು ಅಮೃತಶಿಲೆಯ ಕಟ್ಟೆ. ಹೆಂಗಸರಿಗೆ ಮೇಲಂತಸ್ತಿನ ಮೊಗಸಾಲೆ. ಅದರ ಕೊನೆಯಲ್ಲಿತ್ತು ಗೆನೀಜಾ: ಬಾಗಿಲು, ಕಿಟಕಿ ಎರಡೂ ಇಲ್ಲದ ಕೋಣೆ. ಏಣಿ ಹತ್ತಿ, ಗೋಡೆಯ ಕಿಂಡಿಯಿಂದ ಕಾಗದ ಒಳಗೆ ಹಾಕಬೇಕಿತ್ತು. ದೇವರ ಹೆಸರಿರುವ ಬರಹವನ್ನು ಸುಡಬಾರದು, ಬಿಸಾಡಬಾರದು ಎಂಬುದು ಅವರ ನಿಯಮ. ಬರಬರುತ್ತಾ ಹೀಬ್ರೂ ಲಿಪಿಯ ಲೆಕ್ಕಪತ್ರ, ಮದುವೆಯ ಕರಾರು, ವ್ಯಾಪಾರದ ಓಲೆ ಎಲ್ಲವೂ ಆ ಕಿಂಡಿ ಸೇರಿದವು. ಈಜಿಪ್ಟಿನ ಒಣಹವೆ ಅವನ್ನು ಕಾಯಿತು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಮಂಗಳೂರಿನ ಸುದ್ದಿ ಬರುವುದು ಈ ರಾಶಿಯಲ್ಲಿದ್ದ ಅಬ್ರಹಾಂ ಬೆನ್ ಯಿಜುವಿನ ಕಾಗದಗಳಲ್ಲಿ. ಅವನು ಟುನೀಶಿಯಾ ಮೂಲದ ಯೆಹೂದಿ ವ್ಯಾಪಾರಿ. 1132ರ ಅಕ್ಟೋಬರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆಸಿದ ಪತ್ರದಲ್ಲಿ ಊರಿನ ಹೆಸರು ಮಂಗಳೂರು ಎಂದೇ ಇದೆ. ತುಳುನಾಡನ್ನು ಆಗ ಅಳುಪರು ಆಳುತ್ತಿದ್ದರು. ಬೆನ್ ಯಿಜು ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಯೆಮನ್‌ನ ಏಡನ್ ಬಂದರಿನಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ತರಿಸುತ್ತಿದ್ದ. ಏಡನ್‌ನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿಗೆ ಹಾಕುತ್ತಿದ್ದರು. ಅವನ ಕಾರ್ಖಾನೆಯಿಂದ ಅವು ಹೊಸ ಪಾತ್ರೆ, ದೀಪಗಳಾಗಿ ಹಿಂತಿರುಗುತ್ತಿದ್ದವು.

ನನಗೆ ಈ ರಾಶಿಯಲ್ಲಿ ಎಲ್ಲರಿಗಿಂತ ಆಪ್ತನಾಗುವವನು ಬೆನ್ ಯಿಜುವಿನ ಆಳು. ಯಜಮಾನನ ಸರಕಿನೊಂದಿಗೆ ಏಡನ್‌ಗೆ ಹೋದವನು ಅಲ್ಲಿ ಕುಡಿದು ಹಣ ಕೇಳಿದನೆಂದು ವರ್ತಕ ಮದ್‌ಮೂನ್ ದೂರು ಬರೆದ. ಮುಂದಿನ ಪತ್ರಗಳಲ್ಲಿ ಅದೇ ಊರಿನವರು ಅವನನ್ನು ಸೋದರನೆಂದು ಕರೆದು ವಂದನೆ ತಿಳಿಸುತ್ತಾರೆ. ಈ ಪತ್ರಗಳನ್ನು ಕೂಲಂಕಷವಾಗಿ ಓದಿದ ವಿದ್ವಾಂಸ ಗೊಯ್ಟೈನ್. ಆ ಆಳನ್ನು ಬೊಮ್ಮನೆಂದು ಗುರುತಿಸಿ, 1992ರಲ್ಲಿ 'ಇನ್ ಆನ್ ಆಂಟೀಕ್ ಲ್ಯಾಂಡ್' ಪುಸ್ತಕದ ಮೂಲಕ ಲೋಕಕ್ಕೆ ಪರಿಚಯಿಸಿದವರು ಲೇಖಕ ಅಮಿತಾವ್ ಘೋಷ್. ಅರಸರ ದಾನ, ವೀರರ ಮರಣ ಕೆತ್ತಿದ ನಮ್ಮ ಶಾಸನಗಳಲ್ಲಿ ಇಂಥ ಆಳಿನ ಜಗಳ, ಸಾಲ, ಗೌರವಗಳಿಗೆ ಜಾಗ ಸಿಗುವುದು ಅಪರೂಪ.

ಬೆನ್ ಯಿಜು 1149ರಲ್ಲಿ ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಮಗಳ ಮದುವೆ 1156ರಲ್ಲಿ ಫುಸ್ತಾತಿನಲ್ಲಿ ನಡೆಯಿತು. ದುರಸ್ತಿಯ ಬಳಿಕ 2023ರಲ್ಲಿ ಬೆನ್ ಎಜ್ರಾ ಮತ್ತೆ ತೆರೆದಿದೆ; ಕೇಂಬ್ರಿಜ್‌ನ ತುಣುಕುಗಳನ್ನು ಈಗ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಆ ಪತ್ರಗಳನ್ನು ನೇರವಾಗಿ ಓದಬಲ್ಲ ವಿದ್ಯಾರ್ಥಿಗಳು ನಮ್ಮ ಇತಿಹಾಸ ವಿಭಾಗಗಳಿಂದಲೂ ಬರಬೇಕೆಂಬುದು ನನ್ನ ಆಸೆ.