ಕೈ ಬಿಡುವುದು ಯಾವಾಗ?

ಮಕ್ಕಳೇ, ಮೈದಾನದಲ್ಲಿ ಸಿಂಗಲ್ ಬಾರ್ ಇದ್ದರೆ ಅದಕ್ಕೆ ಜೋತುಬೀಳದವರು ಯಾರು? ತೂಗಾಡುವುದೆಂದರೆ ಖುಷಿ. ಇಳಿಯುವಾಗ ಮಾತ್ರ ಎದೆ ಡವಡವ! ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎತ್ತರ ಕಂಡೊಡನೆ ಮಿದುಳಿನಲ್ಲಿರುವ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಪುಟ್ಟ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಕಾಲುಗಳು ಸೆಟೆಯುತ್ತವೆ, ಬೆರಳುಗಳು ಕಬ್ಬಿಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ತೊಂದರೆ ಇರುವುದು ಇಲ್ಲೇ. ಇಳಿಯಲು ಬೇಕಾದದ್ದು ಇದಕ್ಕೆ ತೀರಾ ವಿರುದ್ಧ.

ಬಾರ್‌ನಲ್ಲಿ ತೂಗಾಡುವಾಗ ನೀವೇ ಒಂದು ಲೋಲಕ. ತೀರಾ ಕೆಳಗೆ ಬಂದಾಗ ವೇಗ ಅತಿ ಹೆಚ್ಚು. ತುದಿಯಲ್ಲಿ ಒಂದು ಕ್ಷಣ ಸೊನ್ನೆ. ಮುಂದಕ್ಕೆ ಹೋಗಿ ಇಳಿಯಬೇಕೆಂದು ಹೊರಟವರು ಹೆದರಿ ತಡಮಾಡಿದರೆ, ಅಷ್ಟರಲ್ಲಿ ದೇಹ ಹಿಂದಿರುಗಲು ತೊಡಗಿರುತ್ತದೆ. ಆಗ ಕೈ ಬಿಟ್ಟರೆ ಕಣ್ಣಿಗೆ ಕಾಣದ ಹಿಂಬದಿಗೆ ಬೀಳುತ್ತೀರಿ. ಕೈ ಊರಿದರೆ ಮಣಿಕಟ್ಟು ಮುರಿಯಬಹುದು. ಒಂದು ಕೈ ಬಿಟ್ಟು ಇನ್ನೊಂದನ್ನು ಹಿಡಿದುಕೊಂಡರೆ ಮೈ ತಿರುಚಿಕೊಳ್ಳುತ್ತದೆ. ಆದ್ದರಿಂದ ಹೊಸಬರು ತೂಗಾಟ ನಿಂತ ಮೇಲೆ ಎರಡೂ ಕೈಗಳನ್ನು ಒಟ್ಟಿಗೆ ಬಿಡಬೇಕು.

ಇನ್ನು ನೆಲ ಮುಟ್ಟುವ ಲೆಕ್ಕ. ನಿಮ್ಮ ಪಾದ ನೆಲದಿಂದ 1 ಮೀಟರ್ ಮೇಲಿದೆ ಎನ್ನೋಣ. ಕೈ ಬಿಟ್ಟ ಅರ್ಧ ಸೆಕೆಂಡಿನೊಳಗೆ ನೆಲ ಬಂತು. ಆಗಿನ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಕಾಲು ಸೆಟೆಸಿಕೊಂಡು ಬಿದ್ದು ದೇಹ 5 ಸೆಂಟಿಮೀಟರಿನಲ್ಲೇ ನಿಂತಿತು ಎಂದಿಟ್ಟುಕೊಳ್ಳಿ. 100ಕ್ಕೆ 5 ಕೂಡಿಸಿ, 5ರಿಂದ ಭಾಗಿಸಿ: 21. ಅಂದರೆ ಕಾಲಿನ ಮೇಲೆ ಸರಾಸರಿ ನಿಮ್ಮ ತೂಕದ 21 ಪಟ್ಟು ಬಲ! ಮೊಣಕಾಲು, ಸೊಂಟ ಮಡಚಿ 50 ಸೆಂಟಿಮೀಟರ್ ಕೆಳಗಿಳಿದರೆ? 150 ಭಾಗಿಸು 50, ಬರೇ 3 ಪಟ್ಟು. 30 ಕಿಲೋ ತೂಗುವ ಹುಡುಗಿಗೆ ಮೊದಲನೆಯದು 50 ಕಿಲೋದ ಹನ್ನೆರಡು ಅಕ್ಕಿಮೂಟೆಗಿಂತ ಹೆಚ್ಚಿನ ಭಾರ. ಎರಡನೆಯದು ಎರಡು ಮೂಟೆಯಷ್ಟೂ ಇಲ್ಲ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ವಾಲ್ಟ್‌ನಿಂದ ಹಾರಿ, ಗಾಳಿಯಲ್ಲಿ ಎರಡು ಲಾಗ ಹೊಡೆದು, ಕುಳಿತೇಬಿಟ್ಟರೇನೋ ಎಂಬಷ್ಟು ಕೆಳಕ್ಕೆ ಬಾಗಿ ನಿಂತರು. ಅವರಿಗೆ ನಾಲ್ಕನೇ ಸ್ಥಾನ, ಕಂಚಿಗೆ 0.150 ಅಂಕವಷ್ಟೇ ಕಡಿಮೆ. ತೀರಾ ಕೆಳಕ್ಕೆ ಬಾಗಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ನಿಮ್ಮ ಮೈದಾನದಲ್ಲಿ ತೀರ್ಪುಗಾರರಿಲ್ಲ, ಧಾರಾಳವಾಗಿ ಬಾಗಿ!

ನೆಲವೂ ಮುಖ್ಯ. ಪಣಂಬೂರಿನ ಕಡಲತೀರದ ಒಣಮರಳು ಕಾಲಡಿಯಲ್ಲಿ ಕುಸಿದು ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ನಮ್ಮ ಮಂಗಳೂರಿನ ಮುರಕಲ್ಲಿನ ನೆಲ ಕುಸಿಯುವುದೇ ಇಲ್ಲ. ಬಾರ್‌ನ ಕೆಳಗೆ ದಪ್ಪಗೆ ಮರಳು ಹಾಕಿಸುವಂತೆ ಪಿ.ಟಿ. ಮಾಸ್ಟ್ರನ್ನು ಕೇಳಿ.

ಹೆದರಿಕೆ ಬೈದರೆ ಹೋಗದು, ನೂಕಿದರೆ ಇಮ್ಮಡಿಯಾದೀತು. ಅಪಾಯವಿಲ್ಲದೆ ಮತ್ತೆ ಮತ್ತೆ ಇಳಿದಾಗ ಮಿದುಳು ತಾನಾಗಿ ಗಂಟೆಯ ಸದ್ದು ತಗ್ಗಿಸುತ್ತದೆ. ಮೊದಲು ಜಗಲಿಯ ಒಂದೇ ಮೆಟ್ಟಿಲಿನಿಂದ ಹಾರಿ. ಕಣ್ಣು ಮುಚ್ಚಬೇಡಿ. ಕಿವಿಗೊಟ್ಟು ಕೇಳಿ: ‘ಧಡ್’ ಎಂದಿತೇ, ಕಾಲು ಸೆಟೆದಿತ್ತು. ಸದ್ದು ಸಣ್ಣದಾಗುವವರೆಗೆ ಅದೇ ಮೆಟ್ಟಿಲು ಸಾಕು. ಆಮೇಲೆ ಮಾಸ್ಟ್ರು ಪಕ್ಕದಲ್ಲಿ ನಿಂತಿರುವಾಗ ತಗ್ಗಿನ ಬಾರ್.

ಮುಂದಿನ ಸಲ ಯಕ್ಷಗಾನ ಆಟಕ್ಕೆ ಹೋದಾಗ ಪುಂಡುವೇಷದವರು ದಿಗಿಣ ಹಾಕುವುದನ್ನು ನೋಡಿ. ಕಿರೀಟ, ಮುಖವರ್ಣಿಕೆಗಳ ಮೇಲಿನ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ, ಪಾದ ರಂಗಸ್ಥಳ ಮುಟ್ಟುವ ಕ್ಷಣದಲ್ಲಿ ಅವರ ಮೊಣಕಾಲು ಏನು ಮಾಡುತ್ತದೆ ಎಂದು ಗಮನಿಸಿ ಬನ್ನಿ.