ಅಂಗೈಯ ಅಂಚೆ, ಅಂಗೈಯ ದಿನಚರಿ

ತುಮಕೂರಿನ ಅಡಿಕೆ ವ್ಯಾಪಾರಿಯೊಬ್ಬರು ಗುಬ್ಬಿಯ ತೋಟದಿಂದ ಬುಧವಾರ ಬೆಳಿಗ್ಗೆ 11 ಗಂಟೆಗೆ ಸರಕು ಹೇರಿಸಲು ಗೊತ್ತುಮಾಡಿರುವರೆಂದು ಭಾವಿಸೋಣ. ಈ ವಿಷಯ ಅವರ ಮೊಬೈಲಿನಲ್ಲಿಯೂ, ಅಂಗಡಿಯ ಕಂಪ್ಯೂಟರಿನಲ್ಲಿಯೂ, ಕುಣಿಗಲ್ಲಿಗೆ ಹೋಗಿರುವ ಗುಮಾಸ್ತರ ಮೊಬೈಲಿನಲ್ಲಿಯೂ ಒಂದೇ ರೀತಿ ಕಾಣುವುದಷ್ಟೆ. ಮೂರು ಯಂತ್ರಗಳಿಗೆ ಈ ಒಮ್ಮತ ಬಂದುದು ಹೇಗೆ?

ಈ ಯಂತ್ರಗಳು ಒಂದನ್ನೊಂದು ವಿಚಾರಿಸುವುದಿಲ್ಲ. ಮೂಲ ಪ್ರತಿ ದೂರದಲ್ಲಿರುವ ‘ಸರ್ವರ್’ ಎಂಬ ಕಂಪ್ಯೂಟರಿನಲ್ಲಿರುತ್ತದೆ. ನಮ್ಮ ಕೈಯಲ್ಲಿರುವುದು ಅದರ ನಕಲು. ತಾಲ್ಲೂಕು ಕಚೇರಿಯಲ್ಲಿ ಮೂಲ ದಾಖಲೆಯೂ ಮನೆಯ ಪೆಟ್ಟಿಗೆಯಲ್ಲಿ ನಕಲೂ ಇರುವಂತೆಯೇ ಇದು. ನಕಲನ್ನು ಮೂಲದೊಡನೆ ತಾಳೆ ನೋಡಿ, ಬದಲಾದ ಭಾಗವನ್ನು ತರುವ ಅಥವಾ ಒಪ್ಪಿಸುವ ಕಾರ್ಯಕ್ಕೆ ‘ಸಿಂಕ್’ ಎಂದು ಹೆಸರು.

ಇ-ಮೇಲ್‌ನಲ್ಲಿ ಇದು ಸುಲಭ. ಒಮ್ಮೆ ಕಳುಹಿಸಿದ ಕಾಗದದ ಒಕ್ಕಣೆ ಮತ್ತೆ ಬದಲಾಗದು. ಓದಿದೆ, ಅಳಿಸಿದೆ ಎಂಬಂಥ ಗುರುತುಗಳು ಮಾತ್ರ ಬದಲಾಗುತ್ತವೆ. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ ವಿಧಾನವು ಕಾಗದಗಳನ್ನು ಸರ್ವರಿನಲ್ಲಿಯೇ ಇರಿಸಿ ನಮ್ಮ ಎಲ್ಲ ಯಂತ್ರಗಳಿಗೂ ತೋರಿಸುತ್ತದೆ.

ದಿನಚರಿಯ ಪಾಡು ಬೇರೆ. ಅಲ್ಲಿನ ನಮೂದನ್ನು ಯಾರು ಬೇಕಾದರೂ ಎಷ್ಟು ಸಲವಾದರೂ ತಿದ್ದಬಹುದು. ನೆಟ್‌ವರ್ಕ್ ಸಿಗದ ದಾರಿಯಲ್ಲಿ ಗುಮಾಸ್ತರು 11 ಗಂಟೆಯನ್ನು 12 ಎಂದು ತಿದ್ದುತ್ತಾರೆ. ಅಷ್ಟರಲ್ಲಿ ವ್ಯಾಪಾರಿ ತೋಟದವರೊಡನೆ ಮಾತನಾಡಿ, ಅಂಗಡಿಯಲ್ಲಿ ಅದನ್ನು 3 ಎಂದು ತಿದ್ದಿರುತ್ತಾರೆ. ಕೊನೆಗೆ ಬಂದು ಮುಟ್ಟಿದುದೇ ನಿಜವೆಂದು ಸರ್ವರ್ ಒಪ್ಪಿಕೊಂಡರೆ, ವ್ಯಾಪಾರಿಯ ತಿದ್ದುಪಡಿ ಸದ್ದಿಲ್ಲದೆ ಅಳಿದುಹೋದೀತು. ಬಾಡಿಗೆಯ ಲಾರಿ ತೋಟದ ಮುಂದೆ ಮೂರು ಗಂಟೆ ಕಾಲ ಕಾಯಬೇಕಾದೀತು.

ಇದನ್ನು ತಡೆಯಲು 2007ರಲ್ಲಿ ಪ್ರಕಟವಾದ ‘ಕ್ಯಾಲ್‌ಡ್ಯಾವ್’ ವಿಧಾನದಲ್ಲಿ ಒಂದು ಸರಳ ಉಪಾಯವುಂಟು. ಪ್ರತಿ ನಮೂದಿಗೂ ಸರ್ವರ್ ಒಂದು ಗುರುತನ್ನು ಕೊಡುತ್ತದೆ. ನಮೂದು ಬದಲಾದರೆ ಗುರುತೂ ಬದಲಾಗುತ್ತದೆ. ತಿದ್ದುಪಡಿ ಕಳುಹಿಸುವ ಮೊಬೈಲು ತನ್ನ ಬಳಿಯಿರುವ ಗುರುತನ್ನೂ ಜೊತೆಗೆ ಕಳುಹಿಸಿ, ‘ಇದು ಹಾಗೆಯೇ ಇದ್ದರೆ ಮಾತ್ರ ತಿದ್ದು’ ಎಂದು ಷರತ್ತು ಹಾಕಬಲ್ಲದು. ಗುಮಾಸ್ತರ ಗುರುತು ಹಳೆಯದಾದುದರಿಂದ ಸರ್ವರ್ ಅವರ ತಿದ್ದುಪಡಿಯನ್ನು ನಿರಾಕರಿಸುತ್ತದೆ. ಇಲ್ಲಿ ಗಡಿಯಾರದ ಸಾಕ್ಷ್ಯವನ್ನೇ ಕೇಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎರಡು ಯಂತ್ರಗಳ ಗಡಿಯಾರಗಳು ಸದಾ ಸರಿಹೊಂದಿರುತ್ತವೆಂಬ ಭರವಸೆಯಿಲ್ಲವಷ್ಟೆ.

ಹೀಗೆ ಎರಡು ತಿದ್ದುಪಡಿಗಳು ಡಿಕ್ಕಿ ಹೊಡೆದುದನ್ನು ಯಂತ್ರವು ಕಂಡುಹಿಡಿಯಬಲ್ಲದು. ಆದರೆ ಲಾರಿ ಹೊರಡಬೇಕಾದುದು 12ಕ್ಕೋ 3ಕ್ಕೋ ಎಂಬುದನ್ನು ಗುಮಾಸ್ತರು ವ್ಯಾಪಾರಿಯನ್ನು ಕೇಳಿಯೇ ತಿಳಿಯಬೇಕು.