ಹೆಸರಘಟ್ಟದ ಹಳೇ ನಾಲೆಯ ಜಾಡಿನಲ್ಲಿ

ಬೆಂಗಳೂರಿಗೆ ನಲ್ಲಿ ನೀರು ಮೊದಲು ಬಂದದ್ದು ಎಲ್ಲಿಂದ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನ ಮಕ್ಕಳು ‘ಕಾವೇರಿಯಿಂದ’ ಎನ್ನುತ್ತಾರೆ. ಕಾವೇರಿ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲೇ, 1896ರಲ್ಲಿ, ಹೆಸರಘಟ್ಟ ಕೆರೆಯ ನೀರು ಊರಿಗೆ ಹರಿದಿತ್ತು. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಅರ್ಕಾವತಿಯೇ ಈ ಕೆರೆಗೆ ಮೂಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಈ ಯೋಜನೆಗೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರು.

ಆ ಕಾಲದ ಕುರುಹುಗಳು ಇಂದಿಗೂ ಅಲ್ಲಿವೆ. ಕೆರೆಯಿಂದ ತರಬನಹಳ್ಳಿ, ಸೋಲದೇವನಹಳ್ಳಿಗಳ ಕಡೆಗೆ ನೀರು ಒಯ್ಯುತ್ತಿದ್ದ ಇಟ್ಟಿಗೆಯ ನಾಲೆ ಅಲ್ಲಲ್ಲಿ ಕಾಣಸಿಗುತ್ತದೆ. ಈ ನಾಲೆಯಲ್ಲಿ ಪಂಪಿನ ಕೆಲಸವೇ ಇರಲಿಲ್ಲ. ಉದ್ದಕ್ಕೂ ತುಸುವೇ ಇಳಿಜಾರು ಕೊಟ್ಟು ಕಟ್ಟಿದ್ದರಿಂದ ಗುರುತ್ವಾಕರ್ಷಣೆಯೇ ನೀರನ್ನು ನಡೆಸುತ್ತಿತ್ತು. ನಗರ ಎತ್ತರದಲ್ಲಿದೆಯಲ್ಲ, ಆದ್ದರಿಂದ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ನೀರನ್ನು ಮೇಲಕ್ಕೆ ತಳ್ಳುತ್ತಿದ್ದವು.

ಈ ಜಾಡಿನಲ್ಲಿ ಒಂದು ಬೆಳಿಗ್ಗೆ ನಡೆದು ನೋಡಿ. ಸುತ್ತಲೂ ಹುಲ್ಲುಗಾವಲು, ನಡುನಡುವೆ ತಂಗಡಿ, ಕಾರೆ, ಜಾಲಿಯ ಕುರುಚಲು. ಮೇಲ್ನೋಟಕ್ಕೆ ಬಂಜರು ನೆಲದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಟಿಟ್ಟಿಭದ ಕೂಗು, ಗೌಜಲಹಕ್ಕಿಯ ಕರೆ ಕೇಳಿಸುತ್ತವೆ. ನೆಲಗುಬ್ಬಿಗಳು ಹಾಡುತ್ತಾ ನೇರ ಆಕಾಶಕ್ಕೇರುತ್ತವೆ. ಚಳಿಗಾಲದಲ್ಲಿ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಹಿಮಾಲಯದಾಚೆಯಿಂದ ಬಂದು ಹುಲ್ಲಿನ ಮೇಲೆ ತಗ್ಗಾಗಿ ಹಾರುತ್ತಾ ಇಲಿ, ಮಿಡತೆಗಳನ್ನು ಹುಡುಕುತ್ತವೆ. ಇವುಗಳಿಗೆ ಬೇಕಾದದ್ದು ಬಯಲು. ಇಲ್ಲಿ ಒತ್ತಾಗಿ ಮರ ನೆಟ್ಟರೆ ಅವು ನೆಲೆ ಕಳೆದುಕೊಳ್ಳುತ್ತವೆ.

ನಾಲೆಗೂ ಹುಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾಲೆ ನೀರನ್ನು ಸಾಗಿಸುತ್ತದೆ, ಅಷ್ಟೆ. ನೀರನ್ನು ಹಿಡಿದಿಡುವುದು ನೆಲದ ಕೆಲಸ. ಹುಲ್ಲಿನ ಎಸಳುಗಳು ಮಳೆನೀರಿನ ಓಟವನ್ನು ತಡೆಯುತ್ತವೆ; ಬೇರುಗಳು, ಎರೆಹುಳು, ಗೆದ್ದಲು ಮಾಡಿದ ಸಣ್ಣ ರಂಧ್ರಗಳ ಮೂಲಕ ನೀರು ಒಳಗಿಳಿಯುತ್ತದೆ. ಹಾಗೆ ಇಂಗಿದ ನೀರು ಮೆಲ್ಲಗೆ ಹಳ್ಳಕ್ಕೆ ಜಿನುಗುವುದರಿಂದಲೇ ಮಳೆ ನಿಂತ ಮೇಲೂ ಹೊಳೆ ಹರಿಯುತ್ತದೆ.

ಇದನ್ನು ಮಕ್ಕಳೇ ಪರೀಕ್ಷಿಸಬಹುದು. ಒಂದು ಗೇಣುದ್ದದ ಅಗಲವಾದ ಪಿವಿಸಿ ಕೊಳವೆಯ ತುಂಡನ್ನು ಹುಲ್ಲಿರುವ ನೆಲಕ್ಕೆ ಎರಡು ಬೆರಳಷ್ಟು ಆಳ ಒತ್ತಿ. ಒಂದು ಲೋಟ ನೀರು ಸುರಿದು, ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ವಾಹನ ಓಡಾಡಿ ಗಟ್ಟಿಯಾದ ದಾರಿಯ ಅಂಚಿನಲ್ಲೂ ಇದನ್ನೇ ಮಾಡಿ. ಎರಡು ಕಡೆಯ ಸಮಯವನ್ನು ಹೋಲಿಸಿ ನೋಡಿ. ನಿಮ್ಮೂರ ಗೋಮಾಳದಲ್ಲೂ ಈ ಪ್ರಯೋಗ ನಡೆಯುತ್ತದೆ.

ಅರ್ಕಾವತಿಯ ಕಥೆ ಇಲ್ಲಿಯೇ ಅಡಗಿದೆ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಕೆರೆ ಬತ್ತಿದಾಗ, ಅದೇ ನದಿಗೆ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. 1933ರಲ್ಲಿ ಅದು ಸಿದ್ಧವಾಯಿತು. ಮುಂದೆ ಜಲಾನಯನ ಪ್ರದೇಶದಲ್ಲಿ ನೀಲಗಿರಿ ತೋಪುಗಳು ಎದ್ದವು, ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದವು. ಅಂತರ್ಜಲ ಹೊಳೆಯ ತಳಕ್ಕಿಂತ ಕೆಳಗೆ ಸರಿದರೆ ನೆಲ ಹೊಳೆಗೆ ನೀರು ಕೊಡುವ ಬದಲು ಹೊಳೆಯಿಂದಲೇ ಹೀರಿಕೊಳ್ಳುತ್ತದೆ. ಕೆರೆ ವರ್ಷಗಟ್ಟಲೆ ಬರಿದಾಗಿ ಉಳಿಯಿತು. ಇಟ್ಟಿಗೆ ನಾಲೆ ಕೆಟ್ಟದ್ದರಿಂದ ನೀರು ನಿಂತದ್ದಲ್ಲ.

ಈಗ ನಗರ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ಕುಡಿಯುತ್ತಿದೆ. ಹೈಸ್ಕೂಲು ಮಕ್ಕಳು ಲೆಕ್ಕ ಹಾಕಿ: ರಾಶಿ, ಗುರುತ್ವ, ಎತ್ತರ ಗುಣಿಸಿದರೆ ಸಾವಿರ ಲೀಟರ್ ಏರಿಸಲು ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪು ಮತ್ತು ಕೊಳವೆಗಳ ನಷ್ಟ ಬೇರೆ!

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಿತ್ರನಗರಿ ಕಟ್ಟುವ ಯೋಜನೆಯೂ ಒಮ್ಮೆ ಇತ್ತು. ಪಕ್ಷಿಪ್ರಿಯರು, ಪರಿಸರಾಸಕ್ತರು ವರ್ಷಗಟ್ಟಲೆ ದನಿ ಎತ್ತಿದರು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು.

ತಂದೆತಾಯಿಯರಿಗೆ ಒಂದೆರಡು ಮಾತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳಿಸಬೇಡಿ, ಜೊತೆಗೆ ಹೋಗಿ. ಹಾವುಗಳಿರುವುದರಿಂದ ಬೂಟು ಇರಲಿ. ಹಳೇ ನಾಲೆಯ ಮೇಲೆ ಹತ್ತುವುದು, ಒಳಗೆ ಇಣುಕುವುದು ಬೇಡ. ಪಂಪ್‌ಹೌಸ್ ಆವರಣಕ್ಕೆ ಅನುಮತಿಯಿಲ್ಲದೆ ಕಾಲಿಡಬೇಡಿ. ಟಿಟ್ಟಿಭ, ನೆಲಗುಬ್ಬಿಗಳು ಮೊಟ್ಟೆಯಿಡುವುದು ನೆಲದ ಮೇಲೆಯೇ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ.

ಇನ್ನು ಯಾರಾದರೂ ಇಂಥ ಬಯಲನ್ನು ‘ಖಾಲಿ ಜಾಗ’ ಎಂದರೆ, ನಿಮ್ಮ ಪುಸ್ತಕದಲ್ಲಿ ಬರೆದುಕೊಂಡ ಆ ಎರಡು ಸಮಯಗಳನ್ನು ಅವರಿಗೆ ತೋರಿಸಿ.